ಮೋಲ್ ಲೆಕ್ಕ: ತೂಕ ಕೊಟ್ಟರೆ ಮೊದಲು ಎಣಿಕೆಗೆ ಬನ್ನಿ

ಫಸ್ಟ್ ಪಿಯುಸಿ ಕೆಮಿಸ್ಟ್ರಿ ಶುರುವಾಗುವುದೇ ಮೋಲ್‌ನಿಂದ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷ್ ಪುಸ್ತಕವೇ ಒಂದು ಭಾರ, ಅದರ ಜೊತೆಗೆ ಇದು ಬೇರೆ. ಸಂಜೆ ಮನೆಗೆ ಬರುವ ಮಕ್ಕಳಿಗೆ ನಾನು ಈ ಲೆಕ್ಕ ಹೇಳಿಕೊಡುತ್ತೇನೆ. ಮೊದಲ ದಿನ ಒಂದೇ ಪ್ರಶ್ನೆ ಕೇಳುತ್ತೇನೆ. ಎರಡು ಹೈಡ್ರೋಜನ್ ಅಣು, ಒಂದು ಆಕ್ಸಿಜನ್ ಅಣು ಸೇರಿ ಎರಡು ನೀರಿನ ಅಣು ಆಗುತ್ತದೆ. ಹಾಗಾದರೆ 2 ಗ್ರಾಂ ಹೈಡ್ರೋಜನ್‌ಗೆ ಎಷ್ಟು ಗ್ರಾಂ ಆಕ್ಸಿಜನ್ ಬೇಕು?

"ಒಂದು ಗ್ರಾಂ" ಅನ್ನುವ ಉತ್ತರ ತಕ್ಷಣ ಬರುತ್ತದೆ. ಸರಿಯಾದ ಉತ್ತರ 16 ಗ್ರಾಂ.

ಈ ತಪ್ಪು ದಡ್ಡತನದ್ದಲ್ಲ. ಸಮೀಕರಣ ಹೇಳುವುದು ಎಷ್ಟು ಅಣು ಅಂತ, ತಕ್ಕಡಿ ಹೇಳುವುದು ಎಷ್ಟು ಗ್ರಾಂ ಅಂತ. ಎರಡನ್ನೂ ಒಂದೇ ಅಂದುಕೊಂಡರೆ ಲೆಕ್ಕ ಅಲ್ಲೇ ಕೆಡುತ್ತದೆ. ಮಿಕ್ಕಿದ್ದೆಲ್ಲ ಗುಣಾಕಾರ, ಭಾಗಾಕಾರ ಅಷ್ಟೇ. ಗ್ರಾಂನಿಂದ ಗ್ರಾಂಗೆ ನೇರ ಬಸ್ ಇಲ್ಲ. ಮೋಲ್ ಅನ್ನುವ ಸ್ಟ್ಯಾಂಡಿನಲ್ಲಿ ಇಳಿದು ಬಸ್ ಬದಲಾಯಿಸಲೇಬೇಕು. ಈ ಲೇಖನ ಪೂರ್ತಿ ಆ ಒಂದು ಮಾತಿನ ಮೇಲೆಯೇ ನಿಂತಿದೆ.

ಮೋಲ್ ಅಂದರೆ ಎಣಿಕೆಯ ಹೆಸರು

ಉಡುಪಿ ಕಡೆ ಶಂಕರಪುರ ಮಲ್ಲಿಗೆ ಮಾರುವವರನ್ನು ಕೇಳಿ ನೋಡಿ. ಅವರು ಚೆಂಡು, ಅಟ್ಟೆ ಅನ್ನುತ್ತಾರೆ. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3200 ಹೂವು. ಹೂವು ಸಣ್ಣದು, ಬಿಡಿಬಿಡಿಯಾಗಿ ಲೆಕ್ಕ ಹೇಳಲು ಆಗುವುದಿಲ್ಲ. ಅದಕ್ಕೇ ದೊಡ್ಡ ಎಣಿಕೆಗೆ ಒಂದು ಹೆಸರು.

ಪರಮಾಣು ಇನ್ನೂ ಸಣ್ಣದು, ಹಾಗಾಗಿ ಅದರ ಅಟ್ಟೆ ತುಂಬಾ ದೊಡ್ಡದು. ಒಂದು ಮೋಲ್ ಅಂದರೆ 6.022 × 10²³ ಕಣ. ಇದಕ್ಕೆ ಅವೊಗ್ಯಾಡ್ರೊ ಸಂಖ್ಯೆ ಅನ್ನುತ್ತಾರೆ. 2019ರ ಮೇ 20ರಿಂದ ಇದನ್ನು 6.02214076 × 10²³ ಎಂದು ಖಚಿತವಾಗಿ ನಿಗದಿ ಮಾಡಿದ್ದಾರೆ. ಅದಕ್ಕೂ ಮೊದಲು 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣು ಇವೆಯೋ ಅಷ್ಟು ಅಂತ ಹೇಳುತ್ತಿದ್ದರು. ಹಳೇ ಪುಸ್ತಕಗಳಲ್ಲಿ ಆ ವ್ಯಾಖ್ಯೆಯೇ ಇರುತ್ತದೆ, ಗಾಬರಿಯಾಗಬೇಡಿ. ನಮ್ಮ ಲೆಕ್ಕಕ್ಕೆ ಏನೂ ವ್ಯತ್ಯಾಸ ಬರುವುದಿಲ್ಲ.

ಇಷ್ಟೊಂದು ಕಣಗಳನ್ನು ಎಣಿಸುವುದು ಹೇಗೆ? ಹಾರ್ಡ್‌ವೇರ್ ಅಂಗಡಿಯವರು ಮೊಳೆ ಎಣಿಸುತ್ತಾರಾ? ತೂಗುತ್ತಾರೆ. ಒಂದು ಮೊಳೆ 5 ಗ್ರಾಂ ಇದ್ದರೆ ಒಂದು ಕೇಜಿಗೆ 200 ಮೊಳೆ. ನಾವು ಮಾಡುವುದೂ ಅದನ್ನೇ. ಒಂದು ಮೋಲ್‌ನ ತೂಕ ಗೊತ್ತಿದ್ದರೆ, ಇರುವ ತೂಕವನ್ನು ಅದರಿಂದ ಭಾಗಿಸಿದರೆ ಎಷ್ಟು ಮೋಲ್ ಅಂತ ಸಿಗುತ್ತದೆ.

ಮೋಲ್ = ಗ್ರಾಂನಲ್ಲಿ ತೂಕ ÷ ಮೋಲಾರ್ ರಾಶಿ

ಮೋಲಾರ್ ರಾಶಿ ಅಂದರೆ ಒಂದು ಮೋಲ್‌ನ ತೂಕ. ಅದಕ್ಕೆ ಪರಮಾಣು ರಾಶಿಗಳನ್ನು ಕೂಡಿದರೆ ಸಾಕು. ಹೈಡ್ರೋಜನ್ 1, ಕಾರ್ಬನ್ 12, ಆಕ್ಸಿಜನ್ 16, ಸೋಡಿಯಂ 23, ಗಂಧಕ 32, ಕ್ಲೋರಿನ್ 35.5, ಕ್ಯಾಲ್ಸಿಯಂ 40, ತಾಮ್ರ 63.5. ಇಷ್ಟು ಬಾಯಿಪಾಠ ಇದ್ದರೆ ಮುಕ್ಕಾಲು ಲೆಕ್ಕ ಮುಗಿದಂತೆ. ಅಡಿಗೆ ಸೋಡಾದಲ್ಲಿ ಒಂದು ಸೋಡಿಯಂ, ಒಂದು ಹೈಡ್ರೋಜನ್, ಒಂದು ಕಾರ್ಬನ್, ಮೂರು ಆಕ್ಸಿಜನ್ ಇವೆ. 23 + 1 + 12 + 48, ಒಟ್ಟು 84. ಹಾಗಾಗಿ 4.2 ಗ್ರಾಂ ಸೋಡಾ ಅಂದರೆ 0.05 ಮೋಲ್.

ಒಂದು ಕಡೆ ಮಾತ್ರ ಹುಷಾರು. ಕೆಲವು ಹರಳುಗಳ ಒಳಗೆ ನೀರು ಸೇರಿಕೊಂಡೇ ಇರುತ್ತದೆ. ಮೈಲುತುತ್ತ ಅಂದರೆ ಬರೀ ಕಾಪರ್ ಸಲ್ಫೇಟ್ ಅಲ್ಲ, ಅದರ ಜೊತೆ ಐದು ನೀರಿನ ಅಣುಗಳೂ ಇವೆ. ಬರೀ ಕಾಪರ್ ಸಲ್ಫೇಟ್ ಆದರೆ 159.5, ನೀರು ಸೇರಿದರೆ 249.5. ಆ 90 ಬಿಟ್ಟುಹೋದರೆ ಮುಂದಿನ ಹೆಜ್ಜೆಗಳೆಲ್ಲ ಸರಿಯಾಗಿದ್ದರೂ ಉತ್ತರ ತಪ್ಪು. ಬಾಟಲಿಯ ಮೇಲಿನ ಲೇಬಲ್ ಪೂರ್ತಿ ಓದುವ ಅಭ್ಯಾಸ ಈಗಲೇ ಮಾಡಿಕೊಳ್ಳಿ.

ಸುಣ್ಣದ ಗೂಡಿನ ಲೆಕ್ಕ

ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಾರೆ. ಚಿಪ್ಪಿನಲ್ಲಿ ಇರುವುದು ಹೆಚ್ಚುಕಡಿಮೆ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನ ಬೆಂಕಿಗೆ ಅದು ಒಡೆಯುತ್ತದೆ:

ಕ್ಯಾಲ್ಸಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್

10 ಕೇಜಿ ಚಿಪ್ಪು ಸುಟ್ಟರೆ ಎಷ್ಟು ಸುಟ್ಟ ಸುಣ್ಣ ಸಿಗುತ್ತದೆ? ಯಾವ ಲೆಕ್ಕ ಬಂದರೂ ಈ ನಾಲ್ಕು ಹೆಜ್ಜೆಯನ್ನು ಇದೇ ಕ್ರಮದಲ್ಲಿ ಹಾಕಿ.

1. ಸಮೀಕರಣ ಸರಿದೂಗಿದೆಯಾ ನೋಡಿ. ಇಲ್ಲಿ ಎಲ್ಲವೂ ಒಂದಕ್ಕೆ ಒಂದು.
2. ಕೊಟ್ಟ ತೂಕವನ್ನು ಮೋಲ್ ಮಾಡಿ. ಕ್ಯಾಲ್ಸಿಯಂ ಕಾರ್ಬೊನೇಟ್‌ನ ಮೋಲಾರ್ ರಾಶಿ 100. ಹಾಗಾಗಿ 10,000 ÷ 100 = 100 ಮೋಲ್.
3. ಸಮೀಕರಣದ ಅನುಪಾತ ಹಾಕಿ. 100 ಮೋಲ್ ಕಾರ್ಬೊನೇಟ್‌ಗೆ 100 ಮೋಲ್ ಆಕ್ಸೈಡ್.
4. ಮೋಲನ್ನು ಮತ್ತೆ ತೂಕಕ್ಕೆ ತನ್ನಿ. ಆಕ್ಸೈಡ್‌ನ ಮೋಲಾರ್ ರಾಶಿ 56. ಹಾಗಾಗಿ 100 × 56 = 5600 ಗ್ರಾಂ, ಅಂದರೆ 5.6 ಕೇಜಿ.

ಮಿಕ್ಕ 4.4 ಕೇಜಿ ಗಾಳಿಗೆ ಹೋಯಿತು. ಗೂಡಿಗೆ ಹಾಕಿದ ಚಿಪ್ಪು ಭಾರ, ಹೊರಗೆ ತೆಗೆದದ್ದು ಹಗುರ. ಗೂಡಿನ ಕೆಲಸದವರ ಕೈಗೆ ಗೊತ್ತಿರುವ ಈ ವಿಷಯವನ್ನು ಲೆಕ್ಕ ಇಷ್ಟು ಕರಾರುವಾಕ್ಕಾಗಿ ಹೇಳುತ್ತದೆ.

ಈ ಸುಣ್ಣಕ್ಕೆ ನೀರು ಹಾಕಿ. ಬುಸುಗುಟ್ಟಿ ಕಾದು ಅರಳುತ್ತದೆ. 100 ಮೋಲ್ ಆಕ್ಸೈಡ್‌ಗೆ 100 ಮೋಲ್ ನೀರು, ಅಂದರೆ 1.8 ಕೇಜಿ ನೀರು ಹಿಡಿಯುತ್ತದೆ. ಅರಳಿದ ಸುಣ್ಣ 7.4 ಕೇಜಿ ಆಗುತ್ತದೆ. ಅದನ್ನು ಗೋಡೆಗೆ ಬಳಿದರೆ ನಿಧಾನಕ್ಕೆ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ವಾಪಸ್ ಹೀರಿ, ನೀರು ಬಿಟ್ಟು, ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಪೂರ್ತಿ ಆದರೆ ಮತ್ತೆ 10 ಕೇಜಿ. ಚಿಪ್ಪಿನಲ್ಲಿ ಶುರುವಾದದ್ದು ಗೋಡೆಯ ಮೇಲೆ ಅದೇ ವಸ್ತುವಾಗಿ ಬಂದು ನಿಲ್ಲುತ್ತದೆ. ಈ ಸುತ್ತು ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ಆದ ಖುಷಿ ಇವತ್ತಿಗೂ ನೆನಪಿದೆ.

ಪರೀಕ್ಷೆಯಲ್ಲಿ ಸಾಮಾನ್ಯವಾಗಿ "ಚಿಪ್ಪು 90% ಶುದ್ಧ" ಅಂತ ಸೇರಿಸುತ್ತಾರೆ. ಆಗ ಎರಡನೇ ಹೆಜ್ಜೆಗೆ ಮೊದಲೇ 10 ಕೇಜಿಯನ್ನು 9 ಕೇಜಿ ಮಾಡಿಕೊಳ್ಳಿ. ಉತ್ತರ 5.04 ಕೇಜಿ.

ಯಾವುದು ಮೊದಲು ಮುಗಿಯುತ್ತದೆ?

ಎರಡು ವಸ್ತುಗಳ ತೂಕ ಒಟ್ಟಿಗೆ ಕೊಟ್ಟರೆ ಅದು ಲಿಮಿಟಿಂಗ್ ರಿಯೇಜೆಂಟ್ ಲೆಕ್ಕ. ಯಾವುದು ಮೊದಲು ಮುಗಿಯುತ್ತದೋ ಅದೇ ಉತ್ತರವನ್ನು ನಿರ್ಧರಿಸುತ್ತದೆ.

ನಿಮ್ಮ ಮನೆಯಲ್ಲಿ ಇಡ್ಲಿಗೆ ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು ಹಾಕುತ್ತಾರೆ ಅಂತಿಟ್ಟುಕೊಳ್ಳಿ. ಡಬ್ಬದಲ್ಲಿ 6 ಲೋಟ ಅಕ್ಕಿ, 3 ಲೋಟ ಉದ್ದು ಇದೆ. ಮೊದಲು ಮುಗಿಯುವುದು ಅಕ್ಕಿ. ಅಕ್ಕಿಯೇ ಜಾಸ್ತಿ ಇತ್ತು, ಆದರೂ ಮೊದಲು ಮುಗಿಯಿತು. ಹಾಗಾಗಿ ಕಡಿಮೆ ಇರುವುದು ಯಾವುದು ಅಂತ ಸುಮ್ನೆ ನೋಡಿದರೆ ಸಾಲದು. ಪ್ರತಿಯೊಂದರ ಮೋಲನ್ನು ಸಮೀಕರಣದಲ್ಲಿ ಅದರ ಮುಂದಿರುವ ಅಂಕಿಯಿಂದ ಭಾಗಿಸಿ. ಯಾವುದು ಚಿಕ್ಕದು ಬರುತ್ತದೋ ಅದು ಮೊದಲು ಮುಗಿಯುತ್ತದೆ.

ಅಮೋನಿಯಾ ಮಾಡುವಾಗ ಒಂದು ಮೋಲ್ ನೈಟ್ರೋಜನ್‌ಗೆ ಮೂರು ಮೋಲ್ ಹೈಡ್ರೋಜನ್ ಬೇಕು, ಎರಡು ಮೋಲ್ ಅಮೋನಿಯಾ ಬರುತ್ತದೆ. 14 ಗ್ರಾಂ ನೈಟ್ರೋಜನ್, 2 ಗ್ರಾಂ ಹೈಡ್ರೋಜನ್ ಕೊಟ್ಟಿದ್ದಾರೆ. ನೈಟ್ರೋಜನ್ 14 ÷ 28 = 0.5 ಮೋಲ್, ಒಂದರಿಂದ ಭಾಗಿಸಿದರೆ 0.5. ಹೈಡ್ರೋಜನ್ 2 ÷ 2 = 1 ಮೋಲ್, ಮೂರರಿಂದ ಭಾಗಿಸಿದರೆ 0.333. ಹೈಡ್ರೋಜನ್ ಮೊದಲು ಮುಗಿಯುತ್ತದೆ. ಅಮೋನಿಯಾ 0.667 ಮೋಲ್, ಅಂದರೆ 11.33 ಗ್ರಾಂ. ಉಳಿಯುವ ನೈಟ್ರೋಜನ್ 0.167 ಮೋಲ್, 4.67 ಗ್ರಾಂ. ಎರಡೂ ಕೂಡಿದರೆ 16 ಗ್ರಾಂ. ನಾವು ಹಾಕಿದ್ದೂ 16 ಗ್ರಾಂ. ಹೀಗೆ ಕೂಡಿ ನೋಡಲು ಅರ್ಧ ನಿಮಿಷ ಸಾಕು. ದಯವಿಟ್ಟು ಬಿಡಬೇಡಿ.

ಈಗ ತೋಟಕ್ಕೆ ಹೋಗೋಣ. ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಅಡಿಕೆಗೆ ಕೊಳೆ ರೋಗದ ಭಯ. ಅದಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತಾರೆ. ಫ್ರಾನ್ಸಿನ ಬೋರ್ಡೋ ಊರಿನ ವಿಜ್ಞಾನಿ ಮಿಲಾರ್ಡೆ ದ್ರಾಕ್ಷಿ ಬಳ್ಳಿಗೆ ಅಂತ 1885ರಲ್ಲಿ ಇದನ್ನು ಪ್ರಕಟಿಸಿದರು. ನಮ್ಮಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆ ರೋಗದ ಮೇಲೆ ಕೆಲಸ ಮಾಡಿ, ಇದೇ ಔಷಧಿಯ ದಾರಿ ತೋರಿಸಿದರು. ಅಳತೆ ಎಲ್ಲ ಬೆಳೆಗಾರರಿಗೂ ಗೊತ್ತು: ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, 100 ಲೀಟರ್ ನೀರು.

ತೂಕದಲ್ಲಿ ಎರಡೂ ಸಮ. ಎಣಿಕೆಯಲ್ಲಿ?

ಮೈಲುತುತ್ತ: 1000 ÷ 249.5 = 4.0 ಮೋಲ್.
ಅರಳಿದ ಸುಣ್ಣ: 1000 ÷ 74 = 13.5 ಮೋಲ್.

ಸರಳ ಸಮೀಕರಣ ತೆಗೆದುಕೊಂಡರೆ ಒಂದು ಮೋಲ್ ಕಾಪರ್ ಸಲ್ಫೇಟ್‌ಗೆ ಒಂದು ಮೋಲ್ ಸುಣ್ಣ ಸಾಕು. ನಿಜವಾದ ಬೋರ್ಡೋದಲ್ಲಿ ಬೇರೆ ತಾಮ್ರದ ಲವಣಗಳೂ ಆಗುತ್ತವೆ, ಆದರೆ ಲೆಕ್ಕ ಕಲಿಯಲು ಇದೇ ಸಾಕು. ಅಂದರೆ ಮೈಲುತುತ್ತ ಮೊದಲು ಮುಗಿಯುತ್ತದೆ, ಸುಣ್ಣ 9.5 ಮೋಲ್ ಉಳಿಯುತ್ತದೆ. ಕಾಗದದ ಮೇಲೆ 4 ಮೋಲ್ ಸುಣ್ಣ, ಅಂದರೆ ಸುಮಾರು 300 ಗ್ರಾಂ ಸಾಕಿತ್ತು. ಮತ್ತೆ ಒಂದು ಕೇಜಿ ಯಾಕೆ?

ಕಾರಣ ಎರಡು. ಕರಗಿದ ತಾಮ್ರ ಹಾಗೇ ಉಳಿದರೆ ಎಳೆ ಕಾಯಿ, ಎಲೆ ಸುಡುತ್ತದೆ. ಅದು ಒಂದಿಷ್ಟೂ ಉಳಿಯಬಾರದು. ಇನ್ನೊಂದು, ಅಂಗಡಿಯ ಸುಣ್ಣ ಯಾವಾಗಲೂ ಹೊಸದಾಗಿರುವುದಿಲ್ಲ. ಚೀಲ ಬಿಚ್ಚಿಟ್ಟ ಸುಣ್ಣ, ಗೋಡೆಯ ಸುಣ್ಣದ ಹಾಗೆಯೇ, ಗಾಳಿ ಕುಡಿದು ಕಾರ್ಬೊನೇಟ್ ಆಗಿರುತ್ತದೆ. ತೂಕ ಕಡಿಮೆಯಾಗುವುದಿಲ್ಲ, ಆದರೆ ಕೆಲಸಕ್ಕೆ ಬರುವ ಮೋಲ್ ಕಡಿಮೆಯಾಗಿರುತ್ತದೆ.

ಇದನ್ನು ಪರೀಕ್ಷಿಸಲು ತೋಟದಲ್ಲಿ ಒಂದು ಉಪಾಯ ಇದೆ. ತಿಕ್ಕಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಡ್ರಮ್ಮಿನ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿಯುತ್ತಾರೆ. ತೆಗೆದು ನೋಡಿದಾಗ ಅಲಗಿನ ಮೇಲೆ ಇಟ್ಟಿಗೆ ಕೆಂಪು ಬಣ್ಣ ಕೂತಿದ್ದರೆ ಸುಣ್ಣ ಸಾಲದು. ಆ ಕೆಂಪು ತಾಮ್ರವೇ. ಕಬ್ಬಿಣ ಕರಗಿ, ಅದರ ಜಾಗದಲ್ಲಿ ತಾಮ್ರ ಕೂತಿದೆ. ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದುತ್ತಾರೆ. ಕತ್ತಿ ಬಿಳಿಯಾಗಿಯೇ ಉಳಿದರೆ ಕೊನೆಗಾರ ಮರ ಹತ್ತಬಹುದು. ಲಿಮಿಟಿಂಗ್ ರಿಯೇಜೆಂಟ್ ಯಾವುದು ಅಂತ ಕತ್ತಿಯ ಅಲಗಿನಲ್ಲಿ ಓದುವುದು ಅಂದರೆ ಇದೇ ಅಲ್ವಾ? ಕಬ್ಬಿಣದ ಪಾತ್ರೆಯಲ್ಲಿ ಈ ದ್ರಾವಣ ಮಾಡಬಾರದು ಅನ್ನುವುದಕ್ಕೂ ಇದೇ ಕಾರಣ.

ಅನಿಲದ ಬಗ್ಗೆ ಎರಡು ಮಾತು. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ಬಾರ್ ಒತ್ತಡದಲ್ಲಿ, ಒಂದು ಮೋಲ್ ಅನಿಲ 22.7 ಲೀಟರ್ ಜಾಗ ಹಿಡಿಯುತ್ತದೆ. ಒತ್ತಡ ಒಂದು ಅಟ್ಮಾಸ್ಫಿಯರ್ ಅಂತ ತೆಗೆದುಕೊಂಡರೆ 22.4 ಲೀಟರ್. ಎರಡೂ ಪುಸ್ತಕಗಳಲ್ಲಿ ಸಿಗುತ್ತವೆ. ಪ್ರಶ್ನೆಯಲ್ಲಿ ಯಾವ ಒತ್ತಡ ಕೊಟ್ಟಿದ್ದಾರೆ ನೋಡಿ ಹಾಕಿ.

ದ್ರಾವಣ: ಓಆರ್‌ಎಸ್ ಪ್ಯಾಕೆಟ್ ಬಿಚ್ಚಿ ನೋಡೋಣ

ಮೋಲಾರಿಟಿ ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಅನ್ನುವುದು. ಗಮನಿಸಿ, ಲೀಟರ್ ನೀರು ಅಲ್ಲ, ಲೀಟರ್ ದ್ರಾವಣ. ಅದಕ್ಕೇ ಮೊದಲು ಕರಗಿಸಿ, ಆಮೇಲೆ ನೀರು ಸೇರಿಸಿ ಗೆರೆಗೆ ತರುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯ ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ. ಒಳಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ. ಒಟ್ಟು 20.5 ಗ್ರಾಂ. ಒಂದೊಂದನ್ನೇ ಮೋಲ್ ಮಾಡೋಣ.

ಗ್ಲೂಕೋಸ್: 13.5 ÷ 180 = 0.075 ಮೋಲ್.
ಉಪ್ಪು: 2.6 ÷ 58.5 = 0.0444 ಮೋಲ್.
ಪೊಟ್ಯಾಸಿಯಂ ಕ್ಲೋರೈಡ್: 1.5 ÷ 74.5 = 0.0201 ಮೋಲ್.
ಸಿಟ್ರೇಟ್: 2.9 ÷ 294 = 0.0099 ಮೋಲ್. ಈ 294ರಲ್ಲೂ ಎರಡು ನೀರಿನ ಅಣು ಸೇರಿವೆ.

ಈಗ ಸೋಡಿಯಂ ಎಷ್ಟು? ಉಪ್ಪಿನಿಂದ 0.0444. ಒಂದು ಸಿಟ್ರೇಟ್‌ನಲ್ಲಿ ಮೂರು ಸೋಡಿಯಂ ಇರುವುದರಿಂದ ಅದರಿಂದ 0.0296. ಕೂಡಿದರೆ 0.074. ಪ್ಯಾಕೆಟ್ ಮೇಲೆ 75 ಮಿಲಿಮೋಲ್, ಅಂದರೆ 0.075 ಮೋಲ್, ಅಂತ ಬರೆದಿರುತ್ತದೆ. ಗ್ಲೂಕೋಸ್ ಕೂಡ 75. ಗ್ರಾಂನಲ್ಲಿ ನೋಡಿದರೆ ಗ್ಲೂಕೋಸ್ ಉಪ್ಪಿನ ಐದು ಪಟ್ಟು. ಮೋಲ್‌ನಲ್ಲಿ ನೋಡಿದರೆ ಸೋಡಿಯಂ, ಗ್ಲೂಕೋಸ್ ಸಮ ಸಮ. ಕರುಳಿನ ಗೋಡೆ ಸೋಡಿಯಂ ಅನ್ನು ಗ್ಲೂಕೋಸ್ ಜೊತೆಗೇ ಒಳಗೆ ಎಳೆದುಕೊಳ್ಳುತ್ತದೆ, ಅದರ ಹಿಂದೆ ನೀರು ಹೋಗುತ್ತದೆ. ಈ ಔಷಧಿಯ ಗುಟ್ಟು ಗ್ರಾಂನಲ್ಲಿ ಕಾಣುವುದೇ ಇಲ್ಲ, ಮೋಲ್‌ನಲ್ಲಿ ಮಾತ್ರ ಕಾಣುತ್ತದೆ.

ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕು. ನಮ್ಮ ಬೀದಿಯ ಒಂದು ಮನೆಯಲ್ಲಿ ಭೇದಿಯಾಗಿದ್ದ ಮಗುವಿಗೆ ಲೀಟರಿನ ಪ್ಯಾಕೆಟನ್ನು ಒಂದೇ ಲೋಟ ನೀರಿಗೆ ಸುರಿದು ಕೊಡಲು ಹೊರಟಿದ್ದರು. ಗಟ್ಟಿಯಾಗಿದ್ದರೆ ಬೇಗ ಗುಣ ಆಗುತ್ತದೆ ಅನ್ನುವ ನಂಬಿಕೆ. ಲೆಕ್ಕ ಹಾಕಿ ನೋಡಿ. 200 ಮಿಲೀನಲ್ಲಿ ಅದೇ 0.075 ಮೋಲ್ ಗ್ಲೂಕೋಸ್ ಅಂದರೆ 0.075 ÷ 0.2 = 0.375 ಮೋಲಾರ್. ಐದು ಪಟ್ಟು. ಉಪ್ಪುಗಳು ನೀರಿನಲ್ಲಿ ಕರಗಿ ಬಿಡಿಬಿಡಿಯಾದ ಎಲ್ಲ ಕಣ ಸೇರಿ ಲೀಟರಿಗೆ 245 ಮಿಲಿಮೋಲ್ ಇರಬೇಕಾದದ್ದು 1225 ಆಗುತ್ತದೆ. ರಕ್ತದಲ್ಲಿ ಇದು ಸುಮಾರು 290. ಅಷ್ಟು ಗಟ್ಟಿ ದ್ರಾವಣ ಕರುಳಿಗೆ ಹೋದರೆ ಮೈಯಲ್ಲಿರುವ ನೀರನ್ನೇ ಹೊರಗೆ ಎಳೆಯುತ್ತದೆ. ಭೇದಿ ಇನ್ನೂ ಜಾಸ್ತಿಯಾಗುತ್ತದೆ. 200 ಮಿಲೀಗೆ ಅಂತಲೇ ಮಾಡಿದ ಸಣ್ಣ ಪ್ಯಾಕೆಟ್‌ಗಳೂ ಸಿಗುತ್ತವೆ. ಎಷ್ಟು ನೀರಿಗೆ ಅಂತ ಓದಿಯೇ ಬಿಚ್ಚಿ.

ತೆಳು ಮಾಡುವ ಲೆಕ್ಕ ಸುಲಭ. ನೀರು ಸೇರಿಸಿದರೆ ಮೋಲ್ ಬದಲಾಗುವುದಿಲ್ಲ, ದ್ರಾವಣದ ಗಾತ್ರ ಮಾತ್ರ ಹೆಚ್ಚುತ್ತದೆ. 12 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್‌ನಿಂದ 1 ಮೋಲಾರ್ ದ್ರಾವಣ 100 ಮಿಲೀ ಬೇಕಾದರೆ: 1 × 100 ÷ 12 = 8.3 ಮಿಲೀ. ಆಸಿಡನ್ನು ನೀರಿಗೆ ಹಾಕಿ. ನೀರನ್ನು ಆಸಿಡ್‌ಗೆ ಯಾವತ್ತೂ ಹಾಕಬೇಡಿ. ಸಲ್ಫ್ಯೂರಿಕ್ ಆಸಿಡ್ ಆದರಂತೂ ಕಾದು ಮುಖಕ್ಕೇ ಸಿಡಿಯುತ್ತದೆ.

ಲ್ಯಾಬಿನಲ್ಲಿ ಒಂದು ಟೈಟ್ರೇಶನ್

0.05 ಮೋಲಾರ್ ಆಕ್ಸಾಲಿಕ್ ಆಸಿಡ್ 250 ಮಿಲೀ ಮಾಡಬೇಕು. ಬೇಕಾದ ಮೋಲ್ 0.05 × 0.25 = 0.0125. ಹರಳಿನಲ್ಲಿ ಎರಡು ನೀರಿನ ಅಣು ಇವೆ, ಮೋಲಾರ್ ರಾಶಿ 126. ತೂಕ 0.0125 × 126 = 1.575 ಗ್ರಾಂ.

ವಾಚ್ ಗ್ಲಾಸಿನಲ್ಲಿ ತೂಗಿದ ಹರಳನ್ನು ಫನಲ್ ಮೂಲಕ ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಇಳಿಸಿ. ವಾಚ್ ಗ್ಲಾಸ್, ಫನಲ್ ಎರಡನ್ನೂ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಆ ನೀರನ್ನೂ ಒಳಗೇ ಬಿಡಿ. ಅಂಟಿಕೊಂಡ ಒಂದು ಹರಳೂ ಲೆಕ್ಕದಲ್ಲಿದೆ. ಅರ್ಧ ನೀರು ತುಂಬಿ, ಪೂರ್ತಿ ಕರಗುವವರೆಗೆ ಅಲ್ಲಾಡಿಸಿ. ಆಮೇಲೆ ಕೊರಳಿನ ಗೆರೆಯ ಹತ್ತಿರದವರೆಗೆ ನೀರು ಹಾಕಿ, ಕೊನೆಗೆ ಹನಿ ಹನಿ. ಕಣ್ಣು ಗೆರೆಯ ಮಟ್ಟಕ್ಕೆ ಇರಲಿ. ನೀರಿನ ಮೇಲ್ಮೈ ಬಟ್ಟಲಿನ ಹಾಗೆ ತಗ್ಗಿರುತ್ತದೆ, ಆ ತಗ್ಗಿನ ತಳ ಗೆರೆಗೆ ತಾಗಬೇಕು. ಗೆರೆ ದಾಟಿದರೆ ಹೀರಿ ತೆಗೆಯಬೇಡಿ. ನೀರಿನ ಜೊತೆ ಆಸಿಡ್ ಕೂಡ ಹೋಗುತ್ತದೆ. ಹೊಸದಾಗಿ ಮಾಡಿ.

ಸೋಡಿಯಂ ಹೈಡ್ರಾಕ್ಸೈಡನ್ನು ಹೀಗೆ ತೂಗಿ ನಂಬಲು ಆಗುವುದಿಲ್ಲ. ತಟ್ಟೆಯ ಮೇಲೆ ಇದ್ದ ಹಾಗೆಯೇ ಗಾಳಿಯ ತೇವ ಹೀರಿ ಒದ್ದೆಯಾಗುತ್ತದೆ. ಅದಕ್ಕೇ ಅದರ ನಿಜವಾದ ಸಾಂದ್ರತೆಯನ್ನು ಆಕ್ಸಾಲಿಕ್ ಆಸಿಡ್ ಜೊತೆ ಟೈಟ್ರೇಟ್ ಮಾಡಿ, ಅಂದರೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಎಷ್ಟು ಹಿಡಿಯುತ್ತದೆ ಅಂತ ಅಳೆದು, ತಿಳಿಯುತ್ತೇವೆ. ಶಂಕುವಿನಾಕಾರದ ಫ್ಲಾಸ್ಕಿನಲ್ಲಿ 10 ಮಿಲೀ ಆಸಿಡ್, ಎರಡು ಹನಿ ಫಿನಾಫ್ತಲೀನ್ (ಆಸಿಡ್‌ನಲ್ಲಿ ಬಣ್ಣವಿಲ್ಲದ, ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ). ಬ್ಯುರೆಟ್ ಅನ್ನುವ ಅಳತೆ ಗೆರೆಯ ನಳಿಗೆಯಿಂದ ಹೈಡ್ರಾಕ್ಸೈಡ್. ಬಿದ್ದ ಜಾಗದಲ್ಲಿ ಗುಲಾಬಿ ಮೂಡಿ ಮಾಯವಾಗುತ್ತಿರುತ್ತದೆ. ಮಾಯವಾಗಲು ಹೊತ್ತು ಹಿಡಿಯತೊಡಗಿದರೆ ಒಂದೊಂದೇ ಹನಿ ಬಿಡಿ. ನಸು ಗುಲಾಬಿ ನಿಂತರೆ ಮುಗಿಯಿತು. ಗಾಢ ಗುಲಾಬಿಯಾದರೆ ದಾಟಿಬಿಟ್ಟಿದ್ದೀರಿ.

9.8 ಮಿಲೀ ಹಿಡಿಯಿತು ಅಂತಿಟ್ಟುಕೊಳ್ಳಿ. ಆಸಿಡ್ 0.05 × 0.010 = 0.0005 ಮೋಲ್. ಒಂದು ಆಕ್ಸಾಲಿಕ್ ಆಸಿಡ್‌ಗೆ ಎರಡು ಹೈಡ್ರಾಕ್ಸೈಡ್ ಬೇಕು, ಹಾಗಾಗಿ 0.001 ಮೋಲ್. ಇದನ್ನು 0.0098ರಿಂದ ಭಾಗಿಸಿದರೆ 0.102 ಮೋಲಾರ್.

ನಿಮಗೆ 0.051 ಬಂದಿದ್ದರೆ ಎರಡರಿಂದ ಗುಣಿಸುವುದನ್ನು ಮರೆತಿದ್ದೀರಿ. ಸೂತ್ರದಲ್ಲಿ ಅಂಕಿ ತುಂಬಿ ಉತ್ತರ ತೆಗೆಯುವವರಿಗೆ ಇಲ್ಲೇ ಮೋಸವಾಗುವುದು. ಇದೇ ಆಕ್ಸಾಲಿಕ್ ಆಸಿಡ್ ಜೊತೆ ಪರ್ಮಾಂಗನೇಟ್ ಟೈಟ್ರೇಶನ್ ಮಾಡಿದರೆ ಅನುಪಾತ ಎರಡು ಪರ್ಮಾಂಗನೇಟ್‌ಗೆ ಐದು ಆಸಿಡ್. ಅಲ್ಲಿ ಮರೆತರೆ ಉತ್ತರ ಇನ್ನೂ ದೂರ ಹೋಗುತ್ತದೆ.

ಈಗ ಒಂದನ್ನು ನೀವೇ ಮಾಡಿ. 3.7 ಕೇಜಿ ಅರಳಿದ ಸುಣ್ಣವನ್ನು ಗೋಡೆಗೆ ಬಳಿದಿದ್ದಾರೆ. ಅದು ಪೂರ್ತಿ ಗಟ್ಟಿಯಾಗುವ ಹೊತ್ತಿಗೆ ಗಾಳಿಯಿಂದ ಎಷ್ಟು ಕಾರ್ಬನ್ ಡೈಆಕ್ಸೈಡ್ ಹೀರಿರುತ್ತದೆ? ಒಂದಕ್ಕೆ ಒಂದು ಅನುಪಾತ. 2.2 ಕೇಜಿ ಬರಬೇಕು. ಬರದಿದ್ದರೆ ಎರಡನೇ ಹೆಜ್ಜೆಗೆ ವಾಪಸ್ ಹೋಗಿ, ಸುಣ್ಣದ ಮೋಲ್ 50 ಬಂದಿದೆಯಾ ನೋಡಿ.